ಮಾರ್ಕ್ಸ್ ಕಾರ್ಡ್ ದಿಲ್ಲಿಗೆ, ಮಗು ಕಾಲುಸಂಕದ ಆಚೆಗೆ

ವೀಕ್ಷಕರೇ, 2025ರ ಏಪ್ರಿಲ್‌ನಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ದೇಶದ ಗ್ರಾಮ ಪಂಚಾಯಿತಿಗಳಿಗೆ ಮಾರ್ಕ್ಸ್ ಕೊಟ್ಟಿತು. ಒಂದೆರಡಕ್ಕಲ್ಲ, 2,16,285 ಪಂಚಾಯಿತಿಗಳಿಗೆ! ಲೆಕ್ಕ 2022-23ನೇ ಸಾಲಿನದು. ಇದಕ್ಕೆ ಪಂಚಾಯತ್ ಅಡ್ವಾನ್ಸ್‌ಮೆಂಟ್ ಇಂಡೆಕ್ಸ್ ಅಂತ ಹೆಸರು. ಒಟ್ಟು 9 ವಿಷಯ. ಬಡತನ, ಆರೋಗ್ಯ, ನೀರು, ಸ್ವಚ್ಛತೆ ಹೀಗೆ ಹೋಗುವ ಪಟ್ಟಿಯಲ್ಲಿ ಮಕ್ಕಳಸ್ನೇಹಿ ಗ್ರಾಮ ಅನ್ನುವುದೂ ಒಂದು ವಿಷಯ. ನೂರಕ್ಕೆ 90 ಮತ್ತು ಅದಕ್ಕಿಂತ ಹೆಚ್ಚು ತೆಗೆದವರು ಅಚೀವರ್. ಇಡೀ ದೇಶದಲ್ಲಿ ಅಂಥ ಪಂಚಾಯಿತಿ ಎಷ್ಟು ಗೊತ್ತಾ? ಸೊನ್ನೆ. 75 ದಾಟಿದ್ದು 699. ಮೇಲಿಂದ ನಾಲ್ಕನೇ ಮೆಟ್ಟಿಲಲ್ಲಿ, ಅಂದರೆ 40ರಿಂದ 60ರ ನಡುವೆ ಕೂತಿರೋದು 1,32,392.

ಎಲ್ಲರೂ ಯಾರು ಫಸ್ಟು, ಯಾರು ಲಾಸ್ಟು ಅಂತ ಸುದ್ದಿ ಮಾಡಿದರು. ನಾನು ಇವತ್ತು ಕೇಳೋ ಪ್ರಶ್ನೆ ಬೇರೆ. ಮಕ್ಕಳ ವಿಷಯದಲ್ಲಿ ಈ ಮಾರ್ಕ್ಸ್ ಬರೋದು ಹೇಗೆ? ಯಾರು ಅಳೀತಾರೆ, ಯಾವುದರಿಂದ ಅಳೀತಾರೆ, ಅಳೆದ ಮೇಲೆ ಆ ಅಂಕಿ ಎಲ್ಲಿಗೆ ಹೋಗುತ್ತೆ? ಇದನ್ನು ಬೆಂಗಳೂರಿನ ಲೆಕ್ಕದಲ್ಲಿ ಹೇಳಿದರೆ ಅರ್ಥ ಆಗಲ್ಲ. ಅದಕ್ಕೇ ಉತ್ತರ ಕನ್ನಡದ ಘಟ್ಟದ ಮೇಲಿನ ಮೂರು ತಾಲೂಕುಗಳನ್ನು ತೆಗೆದುಕೊಳ್ಳೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ.

ಯಾಕೆ ಈ ಮೂರು? ಯಾಕೆಂದರೆ ಅಳತೆಗೋಲು ಸರಿ ಇದೆಯೋ ಇಲ್ಲವೋ ಅನ್ನೋದು ಸಮತಟ್ಟು ನೆಲದಲ್ಲಿ ಗೊತ್ತಾಗಲ್ಲ. ಇಲ್ಲಿ ಗೊತ್ತಾಗುತ್ತೆ. ಬಯಲುಸೀಮೆಯಲ್ಲಿ ಊರು ಅಂದರೆ ಊರೇ. ನಡುವೆ ಗುಡಿ, ಸುತ್ತ ಮನೆ, ಅಂಗನವಾಡಿ ಎರಡು ಬೀದಿ ಆಚೆ. ಇಲ್ಲಿ ಹಾಗಲ್ಲ. ತೋಟದ ಅಂಚಿಗೆ ನಾಲ್ಕು ಮನೆ, ಗುಡ್ಡ ಇಳಿದರೆ ಇನ್ನೆರಡು, ಹಳ್ಳ ದಾಟಿದರೆ ಒಂದು ಕೇರಿ, ಕಾಡೊಳಗೆ ಗೌಳಿವಾಡ, ಅದರಾಚೆ ಸಿದ್ದಿಯರ ಮನೆಗಳು. ಎಲ್ಲ ಸೇರಿ ಕಾಗದದಲ್ಲಿ ಒಂದೇ ಗ್ರಾಮ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ಕಾಡು. ಸಾಮಾನ್ಯವಾಗಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, ಗುಡ್ಡಗಾಡಿನಲ್ಲಿ 300ಕ್ಕೆ ಒಂದು, ಅದಕ್ಕಿಂತ ಕಡಿಮೆ ಇದ್ದರೆ 150ಕ್ಕೆ ಒಂದು ಮಿನಿ ಅಂಗನವಾಡಿ. ಇದು ನಿಯಮ. ಗುಡ್ಡಗಾಡು ಅಂತ ವಿನಾಯಿತಿ ಕೊಟ್ಟಿದ್ದಾರೆ, ಒಪ್ಪೋಣ. ಆದರೆ ನೋಡಿ, ಈ ನಿಯಮ ತಲೆ ಎಣಿಸುತ್ತೆ, ದಾರಿ ಎಣಿಸಲ್ಲ. 3 ವರ್ಷದ ಮಗು ದಿನಾ ಎಷ್ಟು ದೂರ ನಡೀಬಹುದು ಅನ್ನೋದು ಆ ಅಂಕಿಯೊಳಗೆ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಜನರ ಬಾಯಲ್ಲಿ ಐಸಿಡಿಎಸ್, ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು 33 ಕಡೆ. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಹೀಗೆ ಆರು ಸೇವೆ. ಇವತ್ತು ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಮಾತು ಹೇಳಿತು. ಒಂದು ಜನವಸತಿಯಲ್ಲಿ 6 ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ದೊಡ್ಡ ತೀರ್ಪು, ಲಕ್ಷಾಂತರ ಮಕ್ಕಳಿಗೆ ಅನ್ನ ಕೊಟ್ಟ ತೀರ್ಪು. ಆದರೆ ಯಲ್ಲಾಪುರದ ಕಾಡಂಚಿನ ಒಂದು ಗೌಳಿವಾಡಕ್ಕೆ ಹೋಗಿ 40 ಮಕ್ಕಳನ್ನು ಹುಡುಕಿ ನೋಡೋಣ. ಹತ್ತು ಸಿಗಬಹುದು, ಹನ್ನೆರಡು ಸಿಗಬಹುದು. ಆ ಹನ್ನೆರಡು ಮಕ್ಕಳು ಇನ್ನೊಂದು ಊರಿನ ಪಟ್ಟಿಯಲ್ಲಿ ಸೇರಿಕೊಳ್ತಾರೆ. ಪಟ್ಟಿಯಲ್ಲಿ ಸೇರೋದು ಸುಲಭ, ಬಾಗಿಲಿಗೆ ಬಂದು ಸೇರೋದು ಕಷ್ಟ.

ಈಗ ಅಳತೆಯ ವಿಷಯಕ್ಕೆ ಬರ್ತೀನಿ. ಪೋಷಣ್ ಅಭಿಯಾನ 2018ರ ಮಾರ್ಚ್‌ನಲ್ಲಿ ಶುರುವಾಯಿತು. 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಅಂಗನವಾಡಿ ಕಾರ್ಯಕರ್ತೆ, ಈ ಕಡೆಯವರ ಮಾತಲ್ಲಿ ಹೇಳೋದಾದರೆ ಅಕ್ಕೋರು, ತಮ್ಮ ಮೊಬೈಲಲ್ಲಿ ಮಕ್ಕಳ ಹಾಜರಿ, ಊಟ, ಎತ್ತರ, ತೂಕ ಎಲ್ಲವನ್ನೂ ತುಂಬಬೇಕು. 2025ರ ಜುಲೈಯಿಂದ ಮನೆಗೆ ಕೊಡುವ ರೇಷನ್‌ಗೆ ಮುಖ ಗುರುತಿಸುವ ವ್ಯವಸ್ಥೆಯೂ ಕಡ್ಡಾಯ. ತಾಯಿಯ ಮುಖ ಕ್ಯಾಮೆರಾ ಮುಂದೆ ಬರಬೇಕು, ಸರ್ವರ್ ಒಪ್ಪಬೇಕು, ಆಮೇಲೆ ಪ್ಯಾಕೆಟ್ಟು. ಕಳ್ಳಲೆಕ್ಕ ತಪ್ಪಿಸೋಕೆ ಅಂತ ಮಾಡಿದ್ದು. ಉದ್ದೇಶವನ್ನು ನಾನು ತಪ್ಪು ಅನ್ನಲ್ಲ. ಆದರೆ ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಹಿಡಿದರೆ ಕರೆಂಟ್ ಇರಲ್ಲ. ಕರೆಂಟ್ ಹೋದರೆ ಟವರ್ ಎಷ್ಟು ಹೊತ್ತು ಉಸಿರಾಡುತ್ತೆ? ಸಿದ್ದಾಪುರದ ನಿಲ್ಕುಂದದ ಕಡೆಯವರನ್ನೋ, ಶಿರಸಿಯ ವಾನಳ್ಳಿ ಕಡೆಯವರನ್ನೋ ಕೇಳಿ. ಸಿಗ್ನಲ್ ಸಿಗೋ ಜಾಗ ಯಾವ ಗುಡ್ಡದ ಯಾವ ಮರದ ಬುಡ ಅಂತ ಹೇಳ್ತಾರೆ. ಇಂಥ ನಿಯಮ ಬರೆದವರು ಅದನ್ನು ಜನವರಿಯಲ್ಲಿ, ಫೈಬರ್ ಇರೋ ಕಟ್ಟಡದಲ್ಲಿ ಕೂತು ಬರೆದಿರಬೇಕು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲ ಪಾಠವೇ ಇದು: ಯಾವುದೇ ಅಂಕಿ ನೋಡಿದ ತಕ್ಷಣ ಅದರ ಹಿಂದಿನ ಯಂತ್ರ ನೋಡು. ತೂಕದ ಲೆಕ್ಕವನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಪಟ್ಟಿಯನ್ನೇ ನಮ್ಮ ಅಂಗನವಾಡಿಗಳಲ್ಲೂ ಬಳಸುತ್ತಾರೆ. ಆ ಪಟ್ಟಿಯ ಪ್ರಕಾರ 3 ವರ್ಷ ತುಂಬಿದ ಹೆಣ್ಣುಮಗು ಮಧ್ಯಮ ಲೆಕ್ಕಕ್ಕೆ 13.9 ಕೆಜಿ ಇರಬೇಕು. 10.8ಕ್ಕಿಂತ ಕೆಳಗೆ ಬಂದರೆ ಕಡಿಮೆ ತೂಕ. 9.6ಕ್ಕಿಂತ ಕೆಳಗೆ ಹೋದರೆ ತೀವ್ರ ಕಡಿಮೆ ತೂಕ. ಅದೇ ಪಟ್ಟಿಯಲ್ಲಿ 2 ವರ್ಷದ ಹೆಣ್ಣುಮಗುವಿನ ಮಧ್ಯಮ ತೂಕ 11.5 ಕೆಜಿ. ಅಂದರೆ ವರ್ಷಕ್ಕೆ ಸುಮಾರು ಎರಡೂಕಾಲು, ಎರಡೂವರೆ ಕೆಜಿ ಏರಿಕೆ. ತಿಂಗಳಿಗೆ 200 ಗ್ರಾಂ.

ಈ 200 ಗ್ರಾಂ ಅನ್ನು ನೆನಪಿಟ್ಟುಕೊಳ್ಳಿ. ನಾವು ಹಿಡಿಯಬೇಕಾದ ಮೀನು ಇದೇ. ಜುಲೈನಲ್ಲಿ ಮಗುವನ್ನು ತೂಕಕ್ಕೆ ನಿಲ್ಲಿಸುವಾಗ ಮೈಮೇಲೆ ಸ್ವೆಟರ್ ಇರುತ್ತೆ, ಟೊಪ್ಪಿ ಇರುತ್ತೆ, ಚಡ್ಡಿ ಒದ್ದೆ ಇರುತ್ತೆ. ಚಳಿಯಲ್ಲಿ ನಡುಗೋ ಮಗುವಿನ ಬಟ್ಟೆ ಬಿಚ್ಚಿಸೋಕೆ ಯಾವ ತಾಯಿಗೂ ಮನಸ್ಸು ಬರಲ್ಲ, ಅಕ್ಕೋರಿಗೂ ಬರಲ್ಲ. ಆ ಸ್ವೆಟರ್ರೇ 200 ಗ್ರಾಂ! ಮಗು ಒಂದು ಗ್ರಾಂ ಕೂಡ ಬೆಳೆಯದಿದ್ದರೂ ಆ್ಯಪ್ ಬೆಳೆದಿದೆ ಅನ್ನುತ್ತೆ. ಬೇಸಿಗೆ ಬಂದು ಸ್ವೆಟರ್ ಬಿಚ್ಚಿದ ತಿಂಗಳು ಚೆನ್ನಾಗಿರೋ ಮಗು ಇಳಿದಿದೆ ಅನ್ನುತ್ತೆ. ಎತ್ತರದ್ದೂ ಇದೇ ಕಥೆ. ಹಿಮ್ಮಡಿ ಗೋಡೆಗೆ ತಾಗದೆ, ಗಲ್ಲ ಎತ್ತಿ ನಿಂತರೆ ಒಂದು ಸೆಂಟಿಮೀಟರ್ ಆಚೀಚೆ. ಗಡಿಯಲ್ಲಿರೋ ಮಗುವನ್ನು ಹಳದಿಯಿಂದ ಹಸಿರಿಗೋ ಹಸಿರಿಂದ ಹಳದಿಗೋ ದಾಟಿಸೋಕೆ ಅಷ್ಟು ಸಾಕು.

ಇದೆಲ್ಲ ಅತಿ ಸೂಕ್ಷ್ಮ ಅಂತ ಅನ್ನಿಸಬಹುದು. ಆದರೆ ರಾಜ್ಯದ ಸ್ಥಿತಿ ನೋಡಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಶೇ. 32.9 ಕಡಿಮೆ ತೂಕ. ಎತ್ತರಕ್ಕೆ ತಕ್ಕ ತೂಕ ಇಲ್ಲದೆ ತೀರಾ ಸೊರಗಿದವರು ಶೇ. 8.4. ಮೂರು ಮಕ್ಕಳಲ್ಲಿ ಒಂದು ಮಗು! ಐಟಿ ರಾಜಧಾನಿ ಅಂತ ಎದೆ ತಟ್ಟಿಕೊಳ್ಳೋ ರಾಜ್ಯದ ಲೆಕ್ಕ ಇದು. ತೀರಾ ಸೊರಗಿದ ಮಗುವನ್ನು ಹಿಡಿದು ತಾಲೂಕು, ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ಉಳಿಯುತ್ತೆ. ಹಿಡಿಯಬೇಕಾದ್ದು ಸರಿಯಾದ ತಿಂಗಳಲ್ಲಿ. ತಪ್ಪಿದರೆ ನ್ಯುಮೋನಿಯಾನೋ ಭೇದಿನೋ ಬಂದಾಗ ಗೊತ್ತಾಗುತ್ತೆ.

ಹಾಜರಿಗೆ ಬನ್ನಿ. ಯಾವ ಪಂಚಾಯಿತಿಯಾದರೂ ಸರಿ, ಅಂಗನವಾಡಿಯ ಜನವರಿ ಹಾಜರಿಯನ್ನೂ ಜುಲೈ ಹಾಜರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಮೂರು ತಾಲೂಕಿನಲ್ಲಿ ಎರಡೂ ಒಂದೇ ಇದ್ದರೆ ಅದು ಎಣಿಸಿದ್ದಲ್ಲ, ಬರೆದಿದ್ದು. ಯಾಕೆಂದರೆ ಜುಲೈನಲ್ಲಿ ಹಳ್ಳ ತುಂಬುತ್ತೆ, ಕಾಲುಸಂಕ ಜಾರುತ್ತೆ. ಪಟ್ಟಣದ ವೀಕ್ಷಕರಿಗೆ ಹೇಳಬೇಕು, ಕಾಲುಸಂಕ ಅಂದರೆ ಹಳ್ಳದ ಮೇಲೆ ಎರಡು ಅಡಿಕೆ ಮರವನ್ನೋ ಕಾಡುಮರವನ್ನೋ ಅಡ್ಡ ಹಾಕಿ ಮಾಡಿದ ದಾರಿ. ಬುಧವಾರ ಇದ್ದದ್ದು ಗುರುವಾರ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. 2022ರ ಆಗಸ್ಟ್‌ನಲ್ಲಿ ಪಕ್ಕದ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಬಿದ್ದು ಕೊಚ್ಚಿ ಹೋದಳು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಕುಸಿದು ತೋಟ, ಮನೆ, ರಸ್ತೆ ಹೋದವು. ಇಂಥ ಊರುಗಳಲ್ಲಿ ಮಳೆಗಾಲದ ಹಾಜರಿ ಬಿದ್ದರೆ ಅದು ಅಕ್ಕೋರ ತಪ್ಪಲ್ಲ. ಅದು ಪಂಚಾಯಿತಿಗೆ ಬಂದ ಸುದ್ದಿ. ಅಲ್ಲಿಗೊಂದು ಕಾಲುಸಂಕ ಬೇಕು ಅನ್ನೋ ಸುದ್ದಿ.

ಆದರೆ ಆಗೋದು ಏನು? ಹಾಜರಿ ಕಡಿಮೆ ತೋರಿಸಿದರೆ ಮೇಲಿಂದ ಪ್ರಶ್ನೆ ಬರುತ್ತೆ, ಮುಂದಿನ ತಿಂಗಳ ಸಾಮಗ್ರಿ ಕಡಿಮೆ ಆಗುತ್ತೇನೋ ಅನ್ನೋ ಭಯ ಬರುತ್ತೆ. ಸತ್ಯ ಬರೆದವರಿಗೆ ನೋಟಿಸು, ಅಂದಾಜು ಬರೆದವರಿಗೆ ಶಭಾಷ್. ಹೀಗಾದರೆ ಯಾರು ಸತ್ಯ ಬರೀತಾರೆ ಸ್ವಾಮಿ? ಚಾರ್ಲ್ಸ್ ಗುಡ್‌ಹಾರ್ಟ್ ಅಂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಇದನ್ನೇ ಹೇಳಿದ್ದು. ಒಂದು ಅಂಕಿಯನ್ನು ಗುರಿ ಮಾಡಿ ಜನರ ತಲೆ ಮೇಲೆ ಕೂರಿಸಿದರೆ ಆ ಅಂಕಿ ಮುಂದೆ ಯಾವುದನ್ನೂ ಅಳೆಯಲ್ಲ ಅನ್ನೋದು ಅವರ ಮಾತಿನ ಸಾರ. ಅವರು ಅದನ್ನು ಬರೆದ ವರ್ಷ 1975. ನಮ್ಮ ಐಸಿಡಿಎಸ್ ಹುಟ್ಟಿದ ವರ್ಷವೇ. ಅವರು ಬರೆದದ್ದು ಬ್ಯಾಂಕಿನ ದುಡ್ಡಿನ ಬಗ್ಗೆ, ಅಂಗನವಾಡಿ ಬಗ್ಗೆ ಅಲ್ಲ.

ಹೊರದೇಶದಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ತಾರಾ? ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಸ್ಥಳೀಯ ಕೌನ್ಸಿಲ್‌ಗಳೇ ಮಕ್ಕಳ ರಕ್ಷಣೆಯ ಕೆಲಸ ನೋಡಿಕೊಳ್ತವೆ. ಆಫ್‌ಸ್ಟೆಡ್ ಅನ್ನೋ ಸಂಸ್ಥೆಯ ಇನ್‌ಸ್ಪೆಕ್ಟರುಗಳು ಬಂದು ತಪಾಸಣೆ ಮಾಡಿ ದರ್ಜೆ ಕೊಡ್ತಾರೆ. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ಪದೇ ಪದೇ ಫೇಲ್ ಆಗಿ, 2018ರ ಏಪ್ರಿಲ್‌ನಲ್ಲಿ ಆ ಕೆಲಸವನ್ನೇ ಒಂದು ಟ್ರಸ್ಟಿಗೆ ವಹಿಸಬೇಕಾಯಿತು. ಆದರೆ ಅಲ್ಲೂ 2011ರಲ್ಲಿ ಪ್ರೊ. ಐಲೀನ್ ಮನ್ರೋ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಒಂದು ಎಚ್ಚರಿಕೆ ಇತ್ತು. ಫಾರಂ ತುಂಬಿದರಾ, ಗಡುವಿನೊಳಗೆ ಮುಗಿಸಿದರಾ ಅಂತ ನೋಡೋದರಲ್ಲೇ ವ್ಯವಸ್ಥೆ ಮುಳುಗಿದೆ, ಮಗುವಿಗೆ ಒಳ್ಳೇದಾಯಿತಾ ಅನ್ನೋ ಪ್ರಶ್ನೆ ಹಿಂದೆ ಬಿದ್ದಿದೆ ಅಂತ. ಒಟ್ಟಿನಲ್ಲಿ ರೋಗ ಒಂದೇ. ಆದರೂ ಒಂದು ವ್ಯತ್ಯಾಸ ಇದೆ. ಅಲ್ಲಿಯ ತಪಾಸಣೆ ವರದಿ ಆ ಕೌನ್ಸಿಲ್‌ನ ಹೆಸರಲ್ಲೇ ಹೊರಬೀಳುತ್ತೆ, ಊರಿನವರು ಓದ್ತಾರೆ, ಬೈತಾರೆ, ವೋಟಿನಲ್ಲಿ ತೋರಿಸ್ತಾರೆ.

ನಮ್ಮಲ್ಲಿ ಅಂಕಿ ಎಲ್ಲಿಗೆ ಹೋಗುತ್ತೆ? ಅಕ್ಕೋರ ಮೊಬೈಲಿಂದ ಮೇಲ್ವಿಚಾರಕಿಗೆ. ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಅಂಗನವಾಡಿ. ಅಲ್ಲಿಂದ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಲ್ಲಿಂದ ಕಾರವಾರ, ಬೆಂಗಳೂರು, ದಿಲ್ಲಿ. ಈ ಏಣಿಯಲ್ಲಿ ಗ್ರಾಮ ಪಂಚಾಯಿತಿ ಒಂದು ಮೆಟ್ಟಿಲೇ ಅಲ್ಲ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಪಂಚಾಯಿತಿಗೆ ಕೊಡಬಹುದು ಅಂತ ಬರೆದಿದೆ. ಕೇರಳ 90ರ ದಶಕದಲ್ಲೇ ಅಂಗನವಾಡಿಗಳನ್ನು ಪಂಚಾಯಿತಿಗೆ ಒಪ್ಪಿಸಿತು. ನಮ್ಮಲ್ಲಿ ಕಟ್ಟಡ ಕಟ್ಟೋಕೆ, ಹೆಂಚು ಬದಲಾಯಿಸೋಕೆ ಪಂಚಾಯಿತಿ ಬೇಕು. ತೂಕ ನೋಡೋದು ಮಹಿಳಾ ಮತ್ತು ಮಕ್ಕಳ ಇಲಾಖೆ, ಲಸಿಕೆ ಆರೋಗ್ಯ ಇಲಾಖೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಇಲ್ಲಿನ ಸಿದ್ದಿ ಕುಟುಂಬಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡೋದು ಇನ್ನೊಂದು ಇಲಾಖೆ. ಪಕ್ಕದ ಗೌಳಿವಾಡಕ್ಕೆ ಆ ಕಿಟ್ ಇಲ್ಲ. ಒಂದೇ ಮಗು, ನಾಲ್ಕು ಕಡತ.

ನಿಮ್ಮ ಮನೆ ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ಒಳಗೆ ಬಾಲ್‌ಕಾಕ್ ಇರುತ್ತೆ. ನೀರು ಏರಿದರೆ ಚೆಂಡು ಏರುತ್ತೆ, ಅದೇ ಚೆಂಡು ಅದೇ ಪೈಪನ್ನು ಮುಚ್ಚುತ್ತೆ. ಅಳೆಯೋದೂ ಅಲ್ಲೇ, ಕೆಲಸ ಮಾಡೋದೂ ಅಲ್ಲೇ. ಎಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಅಂತಾರೆ. ನಾವು ಮಾಡಿರೋದು ಏನು ಅಂದರೆ, ಟ್ಯಾಂಕ್ ಶಿರಸಿಯಲ್ಲಿ, ಚೆಂಡು ದಿಲ್ಲಿಯಲ್ಲಿ. ಚೆಂಡು ಏರೋದು ಇಳಿಯೋದು ಡ್ಯಾಶ್‌ಬೋರ್ಡಿನಲ್ಲಿ ಬಣ್ಣಬಣ್ಣವಾಗಿ ಕಾಣುತ್ತೆ. ಪೈಪ್ ಮಾತ್ರ ಹಾಗೇ ಇದೆ.

ನಡುವಿನ ಮೆಟ್ಟಿಲಿನ ಕಥೆ ಇನ್ನೂ ಕೆಟ್ಟದ್ದು. ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಕರ್ನಾಟಕದಲ್ಲಿ ಕೊನೆಗೆ ಚುನಾವಣೆ ಆಗಿದ್ದು 2016ರಲ್ಲಿ. ಅವಧಿ ಮುಗಿದಿದ್ದು 2021ರಲ್ಲಿ. ನಾನು ಇದನ್ನು ಹೇಳ್ತಿರೋ ಹೊತ್ತಿಗೂ ಹೊಸ ಚುನಾವಣೆ ಆಗಿಲ್ಲ. ಅಂದರೆ ಶಿರಸಿ ತಾಲೂಕು ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು, ನಮ್ಮ ಕಡೆಯ ಅಂಗನವಾಡಿಗೆ ಮೂರು ತಿಂಗಳಿಂದ ಮೊಟ್ಟೆ ದುಡ್ಡು ಯಾಕೆ ಬಂದಿಲ್ಲ ಅಂತ ಕೇಳೋಕೆ ಒಬ್ಬ ಚುನಾಯಿತ ಸದಸ್ಯನೂ ಇಲ್ಲ. ಅಧಿಕಾರಿಗಳ ಲೆಕ್ಕವನ್ನು ಅಧಿಕಾರಿಗಳೇ ನೋಡ್ತಾರೆ. ಪಕ್ಷಗಳು ಒಬ್ಬರ ಮೇಲೊಬ್ಬರು ಹಾಕ್ತಿವೆ. ಸರ್ಕಾರ ಬದಲಾಗಿದೆ, ಖಾಲಿ ಕುರ್ಚಿ ಬದಲಾಗಿಲ್ಲ.

ಹಾಗಾದರೆ ಊರಲ್ಲಿ ಏನೂ ಇಲ್ವಾ? ಇದೆ. ಪ್ರತಿ ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ. ತಾಯಂದಿರೇ ಅದರಲ್ಲಿರಬೇಕು. ಮೊಟ್ಟೆ ಖರೀದಿಯ ದುಡ್ಡು ಈ ಸಮಿತಿಯ ಕೈಯಲ್ಲಿ ಓಡಾಡುತ್ತೆ. ಅನೇಕ ಕಡೆ ಅದು ಸಹಿ ಹಾಕುವ ಸಮಿತಿ ಅಷ್ಟೇ. ಇನ್ನೊಂದು, ವರ್ಷಕ್ಕೊಮ್ಮೆ ಪ್ರತಿ ಪಂಚಾಯಿತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕು. ಇದರ ಬೇರು ಹೊರದೇಶದಲ್ಲಿಲ್ಲ, ಇಲ್ಲೇ ಕರಾವಳಿಯಲ್ಲಿ. ಕುಂದಾಪುರ ತಾಲೂಕಿನ ಕೆರಾಡಿ ಮೊದಲಾದ ಕಡೆ 90ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ಸಿಡಬ್ಲ್ಯುಸಿ ಸಂಸ್ಥೆ ಅದರ ಹಿಂದಿತ್ತು. ಮಕ್ಕಳೇ ಮನೆಮನೆಗೆ ಹೋಗಿ ಮಾಹಿತಿ ತಂದು ಪಂಚಾಯಿತಿಯ ಮುಂದೆ ಇಟ್ಟರು. ಆಮೇಲೆ ಸರ್ಕಾರವೇ ಸುತ್ತೋಲೆ ಹೊರಡಿಸಿ ರಾಜ್ಯಕ್ಕೆಲ್ಲ ಮಕ್ಕಳ ಗ್ರಾಮಸಭೆ ತಂದಿತು. ಈಗ ಬಹಳ ಕಡೆ ಅದು ಹೇಗೆ ನಡೆಯುತ್ತೆ? ಶಾಮಿಯಾನ, ಸ್ವಾಗತಗೀತೆ, ಇಬ್ಬರು ಮಕ್ಕಳಿಂದ ಬರೆದುಕೊಟ್ಟ ಭಾಷಣ, ಬಿಸ್ಕತ್ತು, ಫೋಟೊ. ಫೋಟೊ ಅಪ್‌ಲೋಡ್ ಆದರೆ ಸಭೆ ಆದ ಹಾಗೆ. ಕಳೆದ ವರ್ಷದ ಸಭೆಯಲ್ಲಿ ಮಕ್ಕಳು ಕೇಳಿದ್ದರಲ್ಲಿ ಎಷ್ಟು ಆಯಿತು ಅನ್ನೋ ಒಂದು ಹಾಳೆ ಓದಿಸಿ ನೋಡಿ, ವೇದಿಕೆ ಮೇಲಿನವರಿಗೆ ಬೆವರು ಬರುತ್ತೆ.

ಕೂಸಿನ ಮನೆ ಯೋಜನೆಯನ್ನೂ ಇದೇ ಕಣ್ಣಲ್ಲಿ ನೋಡಬೇಕು. 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಅಂತ ಘೋಷಿಸಿದ್ದು. ಉದ್ಯೋಗ ಖಾತ್ರಿ ಮತ್ತು ಬೇರೆ ಕೂಲಿ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳೋಕೆ. ಇದು ನೇರವಾಗಿ ಪಂಚಾಯಿತಿಯದೇ ಕೆಲಸ, ಒಳ್ಳೆ ಕೆಲಸ. ಆದರೆ ಘಟ್ಟದ ಮೇಲೆ ತಾಯಂದಿರಿಗೆ ಕೈತುಂಬ ಕೆಲಸ ಇರೋದು ಕೊನೆಕೊಯ್ಲಿನ ಹೊತ್ತಿನಲ್ಲಿ, ಅಡಿಕೆ ಸುಲಿಯುವ ಚಳಿಗಾಲದಲ್ಲಿ. ಸಂಜೆ ಕತ್ತಲಾದ ಮೇಲೂ ಸುಲಿತ ನಡೆಯುತ್ತೆ. ಆ ತಿಂಗಳುಗಳಲ್ಲಿ, ಆ ಹೊತ್ತಿನಲ್ಲಿ ಕೂಸಿನ ಮನೆಯ ಬಾಗಿಲು ತೆರೆದಿದೆಯಾ? ಎಷ್ಟು ಕೂಸಿನ ಮನೆ ಉದ್ಘಾಟನೆ ಆಯಿತು ಅನ್ನೋದು ಸರ್ಕಾರದ ಪ್ರಶ್ನೆ. ಡಿಸೆಂಬರ್ ಸಂಜೆ ಬಾಗಿಲು ತೆರೆದಿತ್ತಾ ಅನ್ನೋದು ಊರಿನ ಪ್ರಶ್ನೆ. ಎರಡನೆಯದಕ್ಕೆ ಯಾವ ಆ್ಯಪಿನಲ್ಲೂ ಕಾಲಂ ಇಲ್ಲ.

ಕೊನೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ವೀಕ್ಷಕರಿಗೆ, ಅದರಲ್ಲೂ ಅಂಗನವಾಡಿಗೆ ಮಗುವನ್ನು ಕಳಿಸೋ ಮನೆಯವರಿಗೆ ಒಂದು ಮಾತು. ಅಕ್ಕೋರ ಮೇಲೆ ಕೂಗಾಡೋಕೆ ಹೋಗಬೇಡಿ. ಅವರು ನಿಮ್ಮ ಕಡೆಯವರೇ. ಅಡುಗೆ, ಪಾಠ, ಮನೆಭೇಟಿ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲ ಮಾಡಿ ಸಿಗೋದು ಸಂಬಳ ಅಲ್ಲ, ಗೌರವಧನ. ನಿಮ್ಮ ಮಗುವಿನ ಬೆಳವಣಿಗೆ ಚಾರ್ಟ್ ತೋರಿಸಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಹೋಗುವಾಗ ಅಂಗಡಿಯಿಂದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ತೆಗೆದುಕೊಂಡು ಹೋಗಿ, ತೂಕದ ಯಂತ್ರದ ಮೇಲೆ ಇಡಿ. 1 ಕೆಜಿ 200 ಗ್ರಾಂ ತೋರಿಸಿದರೆ ಆ ಅಂಗನವಾಡಿಯ ಪ್ರತಿ ಮಗುವಿನ ಲೆಕ್ಕದಲ್ಲೂ ಒಂದು ತಿಂಗಳ ಸುಳ್ಳು ಬೆಳವಣಿಗೆ ಸೇರಿದೆ ಅಂತ ಅರ್ಥ. ಅದನ್ನು ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ನಾಲ್ಕು ತಾಯಂದಿರ ಸಹಿ ಹಾಕಿಸಿ ಪಂಚಾಯಿತಿಗೆ ಕೊಡಿ. ಯಂತ್ರ ರಿಪೇರಿ ಯಾರ ಖರ್ಚು ಅಂತ ಅಲ್ಲಿ ಮಾತು ಶುರುವಾಗುತ್ತೆ. ಮುಂದಿನ ಸಭೆಯ ನಡಾವಳಿಯಲ್ಲಿ ಆ ಚೀಟಿ ಬಂದಿದೆಯಾ ಅಂತ ನೋಡಿ, ಬಂದಿಲ್ಲದಿದ್ದರೆ ಇನ್ನೊಂದು ಚೀಟಿ ಕೊಡಿ.